ಸಣ್ಣವ್ವ ಸಮುದ್ರಕ್ಕಿಳಿದದ್ದು

ಶ್ರೀಲಂಕಾಕ್ಕೆ ಹೋಗಿ ಬಂದವರು ಆನೆ, ಚಹಾ ತೋಟ, ಬುದ್ಧ ಎಂದು ಶುರು ಮಾಡುತ್ತಾರೆ. ನಾನು ಅವನ್ನೆಲ್ಲ ನೋಡಿದ್ದು ಒಬ್ಬ ಹೆಂಗಸಿನ ಬೆನ್ನ ಹಿಂದೆ ಓಡುತ್ತ ಓಡುತ್ತ. ಹಾಗಾಗಿ ಈ ಬರಹದಲ್ಲಿ ದೇಶಕ್ಕಿಂತ ಆಕೆಯೇ ಹೆಚ್ಚು ಕಂಡರೆ ಓದುವವರು ಬೇಸರಪಡಬಾರದು.

ಆಕೆ ನನ್ನ ತಾಯಿಯ ತಂಗಿ ಚಂದ್ರಭಾಗಾ. ನನಗೆ ಸಣ್ಣವ್ವ. ಚಿಂಚೋಳಿ ತಾಲ್ಲೂಕಿನ ಹಳ್ಳಿಗಳಿಗೆ ಸಿಸ್ಟರ್‌ಬಾಯಿ. ನಾವು ಹೋಗಿ ಬಂದ ಮರುವರ್ಷ, ಬೇಸಿಗೆ ಏರುವ ಮುಂಚೆ, ಒಂದು ಮಧ್ಯಾಹ್ನ ಉಂಡು ಅಡ್ಡಾದಾಕೆ ಏಳಲಿಲ್ಲ. ಇಷ್ಟು ಗಡಿಬಿಡಿಯ ಮನುಷ್ಯಳು ಇಷ್ಟು ಸದ್ದಿಲ್ಲದೆ ಹೋದದ್ದು ನಮಗೆ ಈಗಲೂ ನಂಬಿಕೆಯಾಗಿಲ್ಲ. ಆಕೆ ಇದ್ದಾಗಲೇ ಈ ಪ್ರವಾಸದ ಕಥೆಯನ್ನು ಊರೆಲ್ಲ ಹೇಳಿ ಮುಗಿಸಿದ್ದಳು. ನನ್ನ ಪಾಲಿನದನ್ನು ನಾನೀಗ ಹೇಳುತ್ತಿದ್ದೇನೆ.

ವಾಡಿ

ಸಣ್ಣವ್ವ ಹುಟ್ಟಿದ್ದು ಶಹಾಬಾದಿನ ಹತ್ತಿರದ ಭಂಕೂರಿನಲ್ಲಿ, ಕಲ್ಲು ಒಡೆಯುವವರ ಮನೆಯಲ್ಲಿ. ಮಳೆ ಬಂತೆಂದರೆ ಕೆಲಸ ನಿಂತ ಕಲ್ಲಿನ ಖಣಿಗಳಲ್ಲಿ ನೀರು ತುಂಬುತ್ತದೆ. ಆ ಹಸಿರು ನೀರಿನಲ್ಲಿ ಗಂಡುಹುಡುಗರ ಜೊತೆ ಈಜಿದ್ದಕ್ಕೆ ನಮ್ಮಜ್ಜಿಯಿಂದ ಪೆಟ್ಟು ತಿಂದು, ಮೈ ಒಣಗುವ ಮೊದಲೇ ಮತ್ತೆ ಹೋಗಿ ಬೀಳುತ್ತಿದ್ದವಳು. ವಾಡಿಯ ರೈಲ್ವೆ ನೌಕರನೊಬ್ಬನಿಗೆ ಕೊಟ್ಟರು. ಆತ ಕೆಲವೇ ವರ್ಷಕ್ಕೆ ತೀರಿಕೊಂಡ. ಮಕ್ಕಳಿರಲಿಲ್ಲ. ಎಲ್ಲರೂ ತವರಿಗೆ ಬಾ ಎಂದಾಗ ಆಕೆ ನರ್ಸ್ ತರಬೇತಿಗೆ ಹೋದಳು. ಆಮೇಲೆ ಚಿಮ್ಮನಚೋಡ, ಕೊಡ್ಲಿ ಎಂದು ಊರೂರು ಮೊಪೆಡ್ ಮೇಲೆ ತಿರುಗಿದಳು. ದಿನ ತುಂಬಿದ ಹೆಂಗಸರನ್ನು ಹಿಂದೆ ಕೂಡಿಸಿಕೊಂಡು, ಸೀರೆಯ ಸೆರಗಿನಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ದವಾಖಾನೆಗೆ ತರುತ್ತಿದ್ದಳಂತೆ. ನಿವೃತ್ತಿಯಾದ ಮೇಲೆ ವಾಡಿಗೆ ಮರಳಿ, ಸುಮ್ಮನೆ ಕೂಡಲಾಗದೆ, ಓಣಿಯ ಹೆಂಗಸರಿಗೆ ಸ್ಕೂಟರ್ ಕಲಿಸಿದಳು. ಕಲಿತವರಲ್ಲಿ ನಾನೂ ಒಬ್ಬಳು. ಮೊದಲ ದಿನ ನಾನು ಒಬ್ಬರ ಬಣವೆಯೊಳಗೆ ಹೊಕ್ಕಾಗ, ಬ್ರೇಕ್ ಎಲ್ಲಿದೆ ಎಂದು ಆಕೆ ಹೇಳಿಯೇ ಇರಲಿಲ್ಲವೆಂಬುದು ಗೊತ್ತಾಯಿತು.

ಇಷ್ಟೆಲ್ಲ ತಿರುಗಿದ ಆಕೆ ಸಮುದ್ರ ನೋಡಿರಲಿಲ್ಲ. ರಜೆ ಸಿಕ್ಕಾಗಲೆಲ್ಲ ಯಾರದೋ ಹೆರಿಗೆ ಬರುತ್ತಿತ್ತು. ಕಾರವಾರಕ್ಕೆ ಹೋಗೋಣ ಎಂದರೆ ಬೇಡವೆಂದಳು. ಒಮ್ಮೆ ಹೋಗುವುದಾದರೆ ಪಾಸ್‌ಪೋರ್ಟ್ ತೋರಿಸಿಯೇ ಹೋಗಬೇಕಂತೆ. ಸೇಡಂನಲ್ಲಿ ನಾನು ಹೈಸ್ಕೂಲ್ ಟೀಚರು. ಬೇಸಿಗೆ ರಜೆ ಇದೆ, ಇಂಗ್ಲಿಷ್ ಬರುತ್ತದೆ. ಅಷ್ಟಕ್ಕೇ ನನ್ನನ್ನು ಹಿಡಿದಳು.

ಅಡ್ಡಿ ಎರಡಿದ್ದವು. ಒಂದು, ಆಕೆಯ ಹೃದಯದ ಕವಾಟ ಸಡಿಲವಾಗಿತ್ತು. ಓಡಾಟ ಕಡಿಮೆ ಮಾಡಿ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಕಡಿಮೆ ಅಂದರೆ ಎಷ್ಟು, ಕೊಲಂಬೊ ತನಕ ನಡೆಯುತ್ತದೆಯೇ ಎಂದು ಈಕೆ ಕೇಳಿದಳು. ಆತ ನಕ್ಕರು. ಡಾಕ್ಟರು ಬೇಡವೆನ್ನಲಿಲ್ಲ ಎಂದು ಮನೆಗೆ ಬಂದು ಎಲ್ಲರಿಗೂ ಹೇಳಿದಳು. ಎರಡನೆಯ ಅಡ್ಡಿ ಆಕೆಯ ಅಣ್ಣ, ನನ್ನ ತಾಯಿಗೆ ತಮ್ಮ, ಶಹಾಬಾದಿನಲ್ಲಿರುವ ನಮ್ಮ ಮಾಣಿಕಪ್ಪ ಮಾಮ. ಮಾತು ಕಡಿಮೆ, ಸಿಟ್ಟು ಹೆಚ್ಚು. ಆತನ ಮುಂದೆ ಸಣ್ಣವ್ವ ಸಮುದ್ರದ ಸುದ್ದಿಯನ್ನೇ ಎತ್ತದೆ, ಅನುರಾಧಪುರದ ಬೋಧಿವೃಕ್ಷದ ದರ್ಶನಕ್ಕೆ ಹೋಗುತ್ತೇನೆ ಎಂದಳು. ಬುದ್ಧನ ಹೆಸರಿಗೆ ಮಾಮ ಇಲ್ಲವೆನ್ನುವುದಿಲ್ಲ.

ಪ್ರವಾಸಕ್ಕೆಂದು ಆಕೆ ಜನ್ಮದಲ್ಲಿ ಮೊದಲ ಸಲ ಸಲ್ವಾರ್ ಕಮೀಜ್ ಹೊಲಿಸಿದಳು. ವಾಡಿಯಲ್ಲಿ ಹೊಲಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆಂದು ಚಿತ್ತಾಪುರದ ತನಕ ಹೋಗಿ ಅಳತೆ ಕೊಟ್ಟಿದ್ದಳು. ಅಲ್ಲಿನ ದರ್ಜಿ ಚಾಚಾ ಜೇಬು ಇಡಲೇ ಎಂದು ಕೇಳಿದ್ದೇ ತಡ, ಎರಡೂ ಬದಿಗೆ ಇಡಿಸಿಕೊಂಡಳು. ವಾಡಿ ಸ್ಟೇಷನ್ನಿನಲ್ಲಿ ಹೈದರಾಬಾದಿನ ರೈಲಿಗೆ ಕಾಯುವಾಗ ಎರಡೂ ಜೇಬಿನಲ್ಲಿ ಕೈ ಇಟ್ಟು ನಿಂತಿದ್ದಳು. ಮಾಮ ಆ ಉಡುಪನ್ನು ನೋಡಿಯೂ ನೋಡದ ಹಾಗೆ ನನ್ನನ್ನು ಪಕ್ಕಕ್ಕೆ ಕರೆದ.

"ಹೆಂಗ ಒಯ್ಯಾಕತ್ತೀದಿ, ಹಂಗ ತಂದು ಒಪ್ಪಿಸಬೇಕು, ಸುನಂದಾ. ನನಗ ಇರಾಕಿ ಒಬ್ಬಾಕೆ ತಂಗಿ."

ಆ ಮಾತು ಆ ದೇಶದಲ್ಲಿದ್ದಷ್ಟೂ ದಿನ ನನ್ನ ಬೆನ್ನಿಗಿತ್ತು.

ಕೊಲಂಬೊ

ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ನಮ್ಮ ಚೀಲ ತೆಗೆಸಿದರು. ಅದರಲ್ಲಿ ಒಂದು ಡಬ್ಬಿ ತುಂಬ ಕಡಕ್ ಜೋಳದ ರೊಟ್ಟಿ, ಇನ್ನೊಂದರಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಆತ ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿ, ಇದೇನೆಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ಬ್ರೆಡ್ ಎಂದೆ. ಆತ ನಂಬಲಿಲ್ಲ. ಸಣ್ಣವ್ವ ಅವರ ಕೈಯಿಂದಲೇ ಒಂದು ಚೂರು ಮುರಿದುಕೊಂಡು ಕಟಕಟ ತಿಂದು ತೋರಿಸಿದಳು. ಆತ ನಕ್ಕು ಬಿಟ್ಟುಕೊಟ್ಟರು.

ಊರಿಗೆ ಬಂದು ಸುತ್ತಾಡಿದೆವು. ಕೊಲಂಬೊದಲ್ಲಿ ಆಕೆಗೆ ಎಲ್ಲಕ್ಕಿಂತ ಹಿಡಿಸಿದ್ದು ರಸ್ತೆ ದಾಟುವುದು. ಅಲ್ಲಿ ರಸ್ತೆಯ ಮೇಲಿನ ಬಿಳಿ ಪಟ್ಟೆಯ ಮೇಲೆ ಕಾಲಿಟ್ಟರೆ ಸಾಕು, ಕಾರು, ಬಸ್ಸು ಎಲ್ಲ ನಿಲ್ಲುತ್ತವೆ. ನಮ್ಮ ಕಡೆ ಪಟ್ಟೆ ಇರುವುದು ಎಲ್ಲಿ ಓಡಬೇಕೆಂದು ತಿಳಿಯಲಿಕ್ಕೆ. ಮೊದಲ ಸಲ ಒಂದು ದೊಡ್ಡ ಬಸ್ಸು ತನಗಾಗಿ ನಿಂತದ್ದು ನೋಡಿ ಆಕೆ ನಡುರಸ್ತೆಯಲ್ಲೇ ನಿಂತು ಡ್ರೈವರನಿಗೆ ಕೈ ಮುಗಿದಳು. ಆಚೆ ಮುಟ್ಟಿದ ಮೇಲೆ, ಖರೇ ನಿಲ್ಲುತ್ತಾರೋ ಇಲ್ಲವೋ ನೋಡೋಣವೆಂದು ಮರಳಿ ಈಚೆ ಬಂದಳು. ಆಮೇಲೆ ಮತ್ತೆ ಆಚೆ. ಟೀ ಅಂಗಡಿಯವನು ಪಾಪ, ದಾರಿ ತಪ್ಪಿದ ಮುದುಕಿ ಎಂದುಕೊಂಡು ಕೈ ಹಿಡಿದು ನಡೆಸಲು ಓಡಿ ಬಂದ.

ಅಲ್ಲಿ ಏನು ಹೇಳಿದರೂ ಜನ 'ಹರಿ, ಹರಿ' ಎನ್ನುತ್ತಾರೆ. ಎಷ್ಟು ದೈವಭಕ್ತ ಜನ ಎಂದು ಸಣ್ಣವ್ವ ಒಂದು ಇಡೀ ದಿನ ಮೆಚ್ಚಿಕೊಂಡಿದ್ದಳು. ಅದರ ಅರ್ಥ 'ಆಯಿತು, ಸರಿ' ಎಂದು ರಾತ್ರಿ ನನಗೆ ಗೊತ್ತಾಯಿತು. ಹೇಳಿದೆ. ಆಕೆಗೆ ಇನ್ನೂ ಖುಷಿಯಾಯಿತು.

ಅನುರಾಧಪುರ

ಬೆಳ್ಳನೆಯ ಬಟ್ಟೆ ಉಟ್ಟ ಜನ, ಕೈಯಲ್ಲಿ ತಾವರೆ, ಬರಿಗಾಲು. ಕಾದ ಮರಳಿನ ಮೇಲೆ ನಾನು ಕುಣಿಯುತ್ತ ನಡೆದರೆ, ಶಹಾಬಾದಿನ ಬಿಸಿಲಿಗೆ ಕಾದ ಪರಸಿ ಕಲ್ಲಿನ ಮೇಲೆ ಬೆಳೆದ ಸಣ್ಣವ್ವ ತೋಟದಲ್ಲಿ ನಡೆದ ಹಾಗೆ ನಡೆದಳು. ಹಳೆಯ ಕಟ್ಟಡಗಳ ಮೆಟ್ಟಿಲ ಬುಡದಲ್ಲಿ ಅರ್ಧಚಂದ್ರಾಕಾರದ ಕೆತ್ತನೆಯ ಕಲ್ಲುಗಳಿವೆ. ಆನೆ, ಕುದುರೆ, ಹಂಸಗಳ ಸಾಲು. ಎಲ್ಲರೂ ಕೆತ್ತನೆಯ ಫೋಟೋ ತೆಗೆಯುತ್ತಿದ್ದರೆ ಈಕೆ ಕುಕ್ಕರಗಾಲಿನಲ್ಲಿ ಕುಳಿತು ಕಲ್ಲಿನ ಅಂಚನ್ನು ಬಗ್ಗಿ ನೋಡಿದಳು. ಇದು ನಮ್ಮ ಕಲ್ಲಿನ ಹಾಗೆ ಪದರ ಪದರ ಬಿಡುವುದಿಲ್ಲ, ಇದನ್ನು ಒಡೆದವರ ಕೈ ಏನಾಗಿರಬೇಕು ಎಂದಳು. ಆಕೆಯ ಅಪ್ಪನ ಬೆರಳುಗಳು ಕೊನೆಕೊನೆಗೆ ಮಡಚುತ್ತಿರಲಿಲ್ಲ.

ನನ್ನದೊಂದು ಅವಾಂತರವೂ ಆಯಿತು. ಬುದ್ಧನ ಮೂರ್ತಿಯ ಮುಂದೆ ನಿಂತು ಸೆಲ್ಫಿ ತೆಗೆಯಲು ಹೋದೆ. ಕಾವಲುಗಾರ ಓಡಿ ಬಂದು ಸಿಟ್ಟಿನಿಂದ ಕೈ ಬೀಸಿದ. ಬುದ್ಧನಿಗೆ ಬೆನ್ನು ತೋರಿಸಿ ಫೋಟೋ ತೆಗೆಸಿಕೊಳ್ಳುವುದು ಅಲ್ಲಿ ದೊಡ್ಡ ತಪ್ಪು. ಎಷ್ಟೋ ವರ್ಷದಿಂದ ಜೈಭೀಮ್ ಎನ್ನುವ ಮನೆಯಲ್ಲಿ ಬೆಳೆದೂ ಇದು ನನಗೆ ಹೊಳೆದಿರಲಿಲ್ಲ. ಸಣ್ಣವ್ವ ನನ್ನ ಪರವಾಗಿ ಆತನ ಮುಂದೆ ತನ್ನ ಕಿವಿ ಹಿಡಿದುಕೊಂಡಳು.

ಬೋಧಿವೃಕ್ಷದ ಕೆಳಗೆ ಕುಳಿತು ಮಾಮನಿಗೆ ವಿಡಿಯೋ ಕರೆ ಮಾಡಿಸಿದಳು. ಮಾಮ ಟೋಪಿ ತೆಗೆದು ಫೋನಿಗೆ ಕೈ ಮುಗಿದ. ಆತನ ಕಣ್ಣಲ್ಲಿ ನೀರಿತ್ತು. ಕರೆ ಮುಗಿದ ಮೇಲೆ ಸಣ್ಣವ್ವ ಫೋನನ್ನು ಜೇಬಿಗಿಳಿಸಿ ಎದ್ದಳು.

"ಅಣ್ಣಂದು ಆತು. ಇನ್ನ ನಂದು. ನಡಿ."

ಹಟ್ಟನ್‌ನಿಂದ ನಾನುಓಯಕ್ಕೆ

ಬೆಟ್ಟದ ರೈಲು ನಮ್ಮ ಎತ್ತಿನ ಗಾಡಿಗಿಂತ ಸ್ವಲ್ಪ ಜೋರು. ಎರಡೂ ಬದಿ ಚಹಾದ ಗಿಡ, ನಡುನಡುವೆ ರೈಲಿನ ಜೊತೆಯೇ ಸುತ್ತುವ ರಸ್ತೆ. ವಾಡಿ ಜಂಕ್ಷನ್ನಿನಲ್ಲಿ ಬಾಳಿದಾಕೆಗೆ ರೈಲಿನ ಭಯ ಎಲ್ಲಿಯದು? ಹಟ್ಟನ್ ಎಂಬ ಸ್ಟೇಷನ್ ಬಂದಾಗ ವಡೆಯ ವಾಸನೆ ಬಂತೆಂದು ಇಳಿದಳು. ನಾನು ಬೇಡವೆನ್ನುವಷ್ಟರಲ್ಲಿ ಪ್ಲಾಟ್‌ಫಾರಂ ದಾಟಿ ಆಚೆಯ ಅಂಗಡಿಗೆ ಹೋಗಿದ್ದಳು. ರೈಲು ಹೊರಟಿತು. ಬಾಗಿಲಿಗೆ ಬಂದು ಕೂಗಿದೆ. ಆಕೆ ವಡೆಯ ಪೊಟ್ಟಣ ಹಿಡಿದು ಓಡಲು ನೋಡಿದಳು, ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಳು. ತಿರುವಿನಲ್ಲಿ ಮರೆಯಾದಳು. ಆಕೆಯ ಫೋನು ನನ್ನ ಪಕ್ಕದ ಚೀಲದಲ್ಲಿತ್ತು.

ಆ ಎದೆಯ ಮೇಲಿನ ಕೈ ನನ್ನ ಬುದ್ಧಿ ಕೆಡಿಸಿತು. ಮುಂದಿನ ಸಣ್ಣ ಸ್ಟೇಷನ್ ಬಂದದ್ದೇ ಇಳಿದುಬಿಟ್ಟೆ. ಚೀಲಗಳು ರೈಲಿನಲ್ಲೇ ಮುಂದೆ ಹೋದವೆಂದು ಗೊತ್ತಾದದ್ದು ರೈಲು ಹೋದ ಮೇಲೆ. ಸ್ಟೇಷನ್ ಮಾಸ್ತರರು ಶಾಂತ ಮನುಷ್ಯ. ಹಟ್ಟನ್‌ಗೆ ಫೋನು ಮಾಡಿ ವಿಚಾರಿಸಿ, ಆ ಅಮ್ಮ ಆಗಲೇ ಆಟೋ ಹತ್ತಿ ಹೋದರಂತೆ ಎಂದರು. ನನ್ನ ಕಡೆಗೇ ಬರುತ್ತಾಳೆಂದು ಬೆಂಚಿನ ಮೇಲೆ ಕುಳಿತೆ. ಮಾಮನಿಗೆ ಏನು ಹೇಳಲಿ ಎಂಬ ಮಾತನ್ನು ಮನಸ್ಸಿನಲ್ಲಿ ಜೋಡಿಸತೊಡಗಿದ್ದೆ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಸಣ್ಣವ್ವನ ನಂಬರು.

"ಎಲ್ಲಿ ಹೋದಿ ನೀನು? ನಾ ಇಲ್ಲಿ ನಮ್ಮ ಜಾಗದಾಗ ಕುಂತೀನಿ. ವಡಿ ಆರಾಕತ್ತಾವ."

ಆಟೋದವನಿಗೆ ರೈಲನ್ನು ಬೆರಳು ಮಾಡಿ ತೋರಿಸಿದ್ದಳು, ಅಷ್ಟೆ. ಆತ ತಿರುವುಗಳಲ್ಲಿ ಹಾರಿಸಿಕೊಂಡು ಬಂದು, ನಾನು ಕುಳಿತ ಸ್ಟೇಷನ್ನಿನ ಮುಂದೆಯೇ ಹಾದು, ಅದರ ಮುಂದಿನ ಸ್ಟೇಷನ್ನಿನಲ್ಲಿ ರೈಲಿಗಿಂತ ಮೊದಲು ಮುಟ್ಟಿಸಿದ್ದ.

ನಾನು ಬಸ್ಸು ಹಿಡಿದು, ನಾವು ಇಳಿಯಬೇಕಾಗಿದ್ದ ನಾನುಓಯ ಸ್ಟೇಷನ್ ಮುಟ್ಟುವ ಹೊತ್ತಿಗೆ ಆಕೆ ಎಲ್ಲ ಚೀಲಗಳನ್ನು ಇಳಿಸಿಕೊಂಡು, ಚಹಾ ತೋಟದ ತಮಿಳು ಹೆಂಗಸರ ನಡುವೆ ಕುಳಿತಿದ್ದಳು. ಅವರು ತಮಿಳು, ಈಕೆ ಚಿಂಚೋಳಿ ಗಡಿಯಲ್ಲಿ ಕಲಿತ ತೆಲುಗು. ಎರಡೂ ಕಡೆಯಿಂದ ಸೊಂಟನೋವಿನ ಮಾತು ಸರಾಗ ನಡೆದಿತ್ತು. ನಾನು ಅಳುತ್ತ ಬೈದೆ. ಆಕೆ ನಾನು ಬೈದು ಮುಗಿಸುವ ತನಕ ಕಾದಳು.

"ತಪ್ಪಿಸಿಕೊಂಡಾಕಿ ನಾನು. ನೀ ಯಾಕ ಇಳದಿ?"

ಆ ಹೆಂಗಸರಿಗೆ ಏನು ತಿಳಿಯಿತೋ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಎದೆಗೇನಾಗಿತ್ತು ಎಂದು ಕೇಳಿದರೆ, ಜೇಬಿನಲ್ಲಿ ಚಿಲ್ಲರೆ ಇರಲಿಲ್ಲ, ಕಮೀಜಿನೊಳಗೆ ಹುಡುಕುತ್ತಿದ್ದೆ ಎಂದಳು. ನಾನು ನಂಬಲಿಲ್ಲ. ಆ ಸಂಜೆ ಮಂಚದ ಮೇಲೆ ಬೇಗ ಮಲಗಿದಳು, ಮುಖ ಬಿಳಿಚಿತ್ತು. ಮನೆಗೆ ಹೋಗೋಣ ಎಂದೆ. ಗೋಡೆಯ ಕಡೆ ತಿರುಗಿ ಮಲಗಿದಳು.

ಪೊಲ್ಹೇನ

ದಕ್ಷಿಣದ ದಂಡೆಯಲ್ಲಿ ಮಾತರ ಎಂಬ ಊರಿನ ಪಕ್ಕದ ಹಳ್ಳಿ ಇದು. ದಡದಿಂದ ಸ್ವಲ್ಪ ದೂರ ಹವಳದ ಬಂಡೆಗಳ ಸಾಲಿದೆ. ದೊಡ್ಡ ಅಲೆಗಳು ಅಲ್ಲೇ ಒಡೆದು ಒಳಗಿನ ನೀರು ಕೆರೆಯಂತೆ ಇರುತ್ತದೆ. ನಾವು ಇಳಿದುಕೊಂಡದ್ದು ದಡದಲ್ಲೇ ಇರುವ, ಕುಸುಮಾ ಎಂಬಾಕೆಯ ಮನೆಯಲ್ಲಿ. ಅರವತ್ತರ ಆಸುಪಾಸು, ದಪ್ಪ ಜಡೆ, ಸಿಂಹಳ ಬಿಟ್ಟರೆ ಬೇರೆ ಭಾಷೆ ಬಾರದು. ಪ್ರವಾಸಿಗರಿಗೆಂದು ಹಿತ್ತಲಿನ ಕೋಣೆ ಕೊಡುತ್ತಾಳೆ. ಸಣ್ಣವ್ವನನ್ನು ಕಂಡ ಕೂಡಲೇ 'ಅಕ್ಕಾ' ಎಂದು ಕರೆದಳು. ಸಿಂಹಳದಲ್ಲೂ ಅಕ್ಕ ಎಂದರೆ ಅಕ್ಕನೇ. ಅಷ್ಟು ಸಾಕಾಯಿತು. ಒಬ್ಬಳು ಕನ್ನಡ, ಇನ್ನೊಬ್ಬಳು ಸಿಂಹಳ, ಇಬ್ಬರೂ ಅಡುಗೆಮನೆ ಬಿಟ್ಟು ಹೊರಬರಲಿಲ್ಲ. ಏಪ್ರಿಲ್ ತಿಂಗಳ ಅವರ ಹೊಸವರ್ಷದ ಹಬ್ಬ ಆಗಷ್ಟೇ ಮುಗಿದಿತ್ತು. ಕುಸುಮಾ ಅಚ್ಚಿನಲ್ಲಿ ಹೂವಿನಂತೆ ಕರಿದ ತಿಂಡಿ ಕೊಟ್ಟಳು. ಈಕೆ ರೊಟ್ಟಿ, ಹಿಂಡಿ ಕೊಟ್ಟಳು. ಕುಸುಮಾ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಅನ್ನದ ಮೇಲೆ ಪುಡಿ ಮಾಡಿಕೊಂಡಳು. ಸಣ್ಣವ್ವ ತಿದ್ದಲಿಲ್ಲ. ತಾನೂ ಹಾಗೇ ತಿಂದು ನೋಡಿ, ಚಲೋ ಇದೆ ಎಂದಳು.

ಸಮುದ್ರವನ್ನು ಮೊದಲ ಸಲ ಹತ್ತಿರದಿಂದ ನೋಡಿದಾಗ ಆಕೆ ಏನೂ ಹೇಳಲಿಲ್ಲ. ಮರಳಿನ ಮೇಲೆ ಕುಳಿತು ಬಿಸಿಲೇರುವ ತನಕ ನೋಡಿದಳು. ಯಾವಾಗಲೂ ಮಾತಾಡುವವರು ಸುಮ್ಮನಾದರೆ ಪಕ್ಕದಲ್ಲಿ ಕುಳಿತವರಿಗೆ ಕಷ್ಟ. ಆಮೇಲೆ ಎದ್ದು, ಇಳಿಯುತ್ತೇನೆ ಎಂದಳು. ಕಾಲು ತೋಯಿಸಿಕೋ ಎಂದೆ. ಕಾಲಲ್ಲ, ಈಜುತ್ತೇನೆ ಎಂದಳು.

ನಾನು ಆಗುವುದಿಲ್ಲ ಎಂದೆ. ಡಾಕ್ಟರು, ಎದೆ, ಹಟ್ಟನ್, ಮಾಮ ಎಲ್ಲವನ್ನೂ ಎತ್ತಿದೆ. ನನಗೆ ಈಜು ಬಾರದು, ಏನಾದರೂ ಆದರೆ ನಿಂತು ನೋಡಬೇಕಷ್ಟೆ ಎಂದೂ ಹೇಳಿದೆ. ದನಿ ಏರಿತು. ಕುಸುಮಾ ಬಾಗಿಲಿಗೆ ಬಂದು ನಿಂತಳು. ಜಗಳ ಯಾತಕ್ಕೆಂದು ಆಕೆಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಣ್ಣವ್ವ ಸಿಟ್ಟಾಗಲಿಲ್ಲ.

"ಒಂದು ಕೇಳ್ತೀನಿ ಹೇಳು. ನೀ ನನ್ನ ಕಾಯಾಕ ಬಂದೀಯೋ, ನನ್ನ ಜೋಡಿ ಬಂದೀಯೋ?"

ಆಕೆ ಕೊಡ್ಲಿಯಲ್ಲಿದ್ದಾಗಿನ ಸಂಗತಿಯೊಂದು ನನಗೆ ನೆನಪಾಯಿತು. ಒಂದು ಮಳೆಗಾಲ ಹಳ್ಳ ತುಂಬಿ ಹರಿಯುತ್ತಿದ್ದಾಗ ಆಚೆ ದಂಡೆಯ ಗುಡಿಸಲಿನಲ್ಲಿ ಒಬ್ಬಳಿಗೆ ಬೇನೆ ಶುರುವಾಗಿತ್ತು. ಗಂಡಸರೆಲ್ಲ ನೀರು ಇಳಿಯಲಿ ಎಂದು ಕಾಯುತ್ತಿದ್ದರು. ಸಣ್ಣವ್ವ ಔಷಧಿ ಚೀಲವನ್ನು ತಲೆಗೆ ಕಟ್ಟಿಕೊಂಡು, ಸೀರೆಯನ್ನು ಕಚ್ಚೆ ಹಾಕಿ ಈಜಿ ದಾಟಿದ್ದಳು. ತಾಯಿ ಮಗು ಇಬ್ಬರೂ ಉಳಿದರು. ಆ ದಿನ ಯಾರಾದರೂ ಆಕೆಯ ತೋಳು ಹಿಡಿದು ಬೇಡವೆಂದಿದ್ದರೆ ಏನಾಗುತ್ತಿತ್ತು? ಈ ಸಲ ಆಚೆ ದಂಡೆಯಲ್ಲಿ ಯಾರೂ ಕಾದಿರಲಿಲ್ಲ, ನಿಜ. ತನಗೋಸ್ಕರ ಆಕೆ ನೀರಿಗಿಳಿಯುವುದು, ಭಂಕೂರಿನ ಖಣಿಯ ನಂತರ, ಬಹುಶಃ ಇದೇ ಮೊದಲು.

"ಜೋಡಿ ಬಂದೀನಿ," ಎಂದೆ.

ಕುಸುಮಾ ಒಳಗೆ ಹೋಗಿ ಒಂದು ಬಣ್ಣದ ಬಟ್ಟೆ ತಂದಳು. ಅಲ್ಲಿನ ಹೆಂಗಸರು ಹೊಳೆ, ಬಾವಿಗಳಲ್ಲಿ ಸ್ನಾನ ಮಾಡುವಾಗ ಕಂಕುಳಿನಿಂದ ಮೊಣಕಾಲ ತನಕ ಒಂದೇ ಬಟ್ಟೆ ಸುತ್ತಿಕೊಳ್ಳುತ್ತಾರೆ. ಸಣ್ಣವ್ವನಿಗೂ ಹಾಗೇ ಬಿಗಿದು ಸುತ್ತಿ, ತಾನೂ ಒಂದನ್ನು ಸುತ್ತಿಕೊಂಡಳು. ತನ್ನ ಎದೆ ತಟ್ಟಿಕೊಂಡು, ನೀರು ತೋರಿಸಿ, ನನಗೆ ಏನೋ ಭರವಸೆ ಕೊಟ್ಟಳು. ಇಬ್ಬರೂ ಕೈ ಹಿಡಿದುಕೊಂಡು ಇಳಿದರು.

ನಾನು ಮೊಣಕಾಲುದ್ದ ನೀರಿನಲ್ಲಿ ನಿಂತೆ. ಸೊಂಟದ ತನಕ ಹೋದರು. ಆಮೇಲೆ ಕೈ ಬಿಟ್ಟರು. ಸಣ್ಣವ್ವ ಮುಂದಕ್ಕೆ ಬಾಗಿದಳು. ಆ ನಡಿಗೆಯ ತೂಕ, ಮೊಣಕಾಲಿನ ನೋವು ಎಲ್ಲ ಯಾರೋ ಮೇಲಿಂದ ಎತ್ತಿಕೊಂಡ ಹಾಗೆ, ಆಕೆ ಹಗುರವಾಗಿ ನೀರಿನ ಮೇಲೆ ಸಾಗಿದಳು. ಹುಡುಗರ ಈಜು ಅದು, ತಲೆ ಮೇಲೆ, ಕಾಲು ಕಪ್ಪೆಯ ಹಾಗೆ. ಬೆಳ್ಳನೆಯ ತುರುಬು ಬಂಡೆಯ ಸಾಲಿನ ಕಡೆ ಹೋಯಿತು. ನಡುವೆ ಒಂದು ಅಲೆ ಬಂದು ಆ ತುರುಬು ಕಾಣದಾಯಿತು. ಕುಸುಮಾಳ ತಲೆ ಮಾತ್ರ ಕಾಣುತ್ತಿತ್ತು. ಆಮೇಲೆ ಇನ್ನಷ್ಟು ದೂರದಲ್ಲಿ ತುರುಬು ಎದ್ದಿತು, ಬಿಚ್ಚಿ ಹೋಗಿತ್ತು. ಅಂಗಾತ ತೇಲುತ್ತ ಆಕೆ ಆಕಾಶಕ್ಕೆ ಏನೋ ಹೇಳುತ್ತಿದ್ದಳು. ಬಹುಶಃ ಹಾಡುತ್ತಿದ್ದಳು. ಗಾಳಿ ಎದುರಿನದು, ಕೇಳಿಸಲಿಲ್ಲ.

ಮರಳಿ ಬಂದು ಮರಳಿನ ಮೇಲೆ ಕುಳಿತಾಗ ತುಟಿ ನೀಲಿಯಾಗಿತ್ತು, ಕಣ್ಣು ಕೆಂಪಗಿದ್ದವು. ನಾನು ನಾಡಿ ಹಿಡಿಯಲು ಹೋದರೆ ಕೈ ಕಸಿದುಕೊಂಡಳು. ನಾಡಿ ನೋಡುವುದು ತನಗೆ ಬರುತ್ತದಂತೆ. ಉಸಿರು ಹದಕ್ಕೆ ಬರಲು ತುಸು ಹೊತ್ತೇ ಬೇಕಾಯಿತು.

"ಖಣಿ ನೀರಿಗೆ ಆಚಿ ದಂಡಿ ಕಾಣ್ತದ, ಸುನಂದಾ. ಅಲ್ಲಿ ಮುಟ್ಟಿದರ ಆತು. ಇದಕ್ಕ ದಂಡೀನೇ ಇಲ್ಲ ನೋಡು. ಎಲ್ಲಿ ಬೇಕಾದ್ರ ಅಲ್ಲಿಂದ ಹೊಳ್ಳಿ ಬರಬಹುದು."

ಕುಸುಮಾ ಬಿಸಿಬಿಸಿ ಶುಂಠಿ ಚಹಾ ತಂದಳು. ಇಬ್ಬರೂ ಒಬ್ಬರ ಕೂದಲನ್ನೊಬ್ಬರು ಒರೆಸಿಕೊಂಡರು. ಮರುದಿನ ಹೊರಡುವಾಗ ಸಣ್ಣವ್ವ ಆ ಬಣ್ಣದ ಬಟ್ಟೆಯನ್ನು ವಾಪಸು ಕೊಡಲು ಹೋದಳು. ಕುಸುಮಾ ತಾನೇ ಅದನ್ನು ಮಡಚಿ ಆಕೆಯ ಚೀಲದಲ್ಲಿಟ್ಟಳು.

ಶಹಾಬಾದ

ಮಾಮನಿಗೆ ಹೇಳುವುದು ಬೇಡವೆಂದು ನಾನು ದಾರಿಯುದ್ದಕ್ಕೂ ಹೇಳಿದ್ದೆ. ಆಕೆ ಶಹಾಬಾದಿನ ಮನೆಯ ಹೊಸ್ತಿಲು ದಾಟುವ ಮೊದಲೇ ಹೇಳಿಬಿಟ್ಟಳು. ಮಾಮ ತಂಗಿಯನ್ನು ಬೈಯಲಿಲ್ಲ. ನನ್ನ ಜೊತೆ ಮಾತು ಬಿಟ್ಟ. ಮದುವೆ, ತೊಟ್ಟಿಲ ಕಾರ್ಯ ಎಲ್ಲಿ ಎದುರಾದರೂ ನನ್ನ ಪಕ್ಕದವರನ್ನು ಮಾತಾಡಿಸುತ್ತಿದ್ದ. ಸಣ್ಣವ್ವ ನಡುವೆ ಬಂದು ಎಷ್ಟು ಪಂಚಾಯ್ತಿ ಮಾಡಿದರೂ ಕೇಳಲಿಲ್ಲ.

ಆಕೆ ಹೋದ ಮರುದಿನ ವಾಡಿಯ ಓಣಿಯಲ್ಲಿ ಜನ ಹಿಡಿಸಲಿಲ್ಲ. ಚಿಮ್ಮನಚೋಡದಿಂದ, ಕೊಡ್ಲಿಯಿಂದ ಜನ ಟೆಂಪೋ ಮಾಡಿಕೊಂಡು ಬಂದಿದ್ದರು. ಸ್ಕೂಟರ್ ಕಲಿತ ಹೆಂಗಸರು ತಮ್ಮ ತಮ್ಮ ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಪಕ್ಕದಲ್ಲೇ ನಿಂತಿದ್ದರು. ಚಿತ್ತಾಪುರದ ದರ್ಜಿ ಚಾಚಾ ಕೂಡ ಬಂದಿದ್ದ. ಮಣ್ಣು ಮುಗಿಸಿ ಮರಳಿದ ಮೇಲೆ, ನೆಂಟರೆಲ್ಲ ಮಾಮನ ಸುತ್ತ ಚಾಪೆಯ ಮೇಲೆ ಕುಳಿತಿದ್ದಾಗ ನನ್ನ ಫೋನು ಬಡಿದುಕೊಂಡಿತು. ಬೆಳಿಗ್ಗೆ ನಾನು ಫೋನಿನಲ್ಲೇ ಸಿಂಹಳಕ್ಕೆ ತಿರುಗಿಸಿ ಕಳಿಸಿದ ಸುದ್ದಿ ಮುಟ್ಟಿತ್ತು. ಕುಸುಮಾ.

ತೆರೆಯ ಮೇಲೆ ಆಕೆ ಅಳುತ್ತ ಸಿಂಹಳದಲ್ಲಿ ಹೇಳುತ್ತಲೇ ಹೋದಳು. ನಡುನಡುವೆ 'ಅಕ್ಕಾ' ಎಂಬುದೊಂದೇ ತಿಳಿಯುತ್ತಿತ್ತು. ಕುಳಿತವರಲ್ಲಿ ಯಾರೂ ಎದ್ದು ಹೋಗಲಿಲ್ಲ. ಮಾಮ ಕೈ ಚಾಚಿ ನನ್ನ ಕೈಯಿಂದ ಫೋನು ತೆಗೆದುಕೊಂಡ. ಮುಖದ ಹತ್ತಿರ ಹಿಡಿದು ಆಕೆಯನ್ನು ನೋಡಿದ.

"ನಮ್ಮ ಚಂದ್ರಿ ಕೈ ಹಿಡದು ನೀರಿಗಿ ಇಳದಾಕಿ ನೀನೇನವ್ವಾ?" ಎಂದು ಅಚ್ಚ ಕನ್ನಡದಲ್ಲಿ ಕೇಳಿದ.

ಆ ಕಡೆ ಕುಸುಮಾ ಅಳು ನಿಲ್ಲಿಸಿ ಕೇಳುತ್ತಿದ್ದಳು.

"ಊರಿಗಿ ಬಂದ ಮ್ಯಾಲ ದಿನಾ ಫೋನಿನಾಗ ಅದೇ ಮಾತು ಆಕೀದು. ಉಣ್ಣಾಗ ಅದೇ, ಮಲಗಾಗ ಅದೇ. ನನಗ ಕೇಳಿ ಕೇಳಿ ಸಾಕಾಗಿತ್ತು." ಮಾಮ ನನ್ನ ಕಡೆ ನೋಡಲಿಲ್ಲ. "ನೀವಿಬ್ರೂ ಚಲೋ ಮಾಡಿದ್ರಿ ತಂಗಿ. ಭಾಳ ಚಲೋ ಮಾಡಿದ್ರಿ."

ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ಚಾಪೆಯ ಮೇಲೆ ತನ್ನ ಪಕ್ಕದಲ್ಲಿ ನನಗೆ ಕೂಡಲು ಜಾಗ ಮಾಡಿದ.